ತಾಯಿಬಳ್ಳಿ, ಪಹಣಿ, ಪ್ರಯೋಗದ ತಾಕು: ನಮ್ಮ ನೆಲ ಮತ್ತು ತಳಿಯನ್ನು ಹೊರಗಿನ ಕೈಗಳಿಂದ ಕಾಯುವ ಬಗೆ

ನಮ್ಮ ತೋಟದ ಕಣದ ಅಂಚಿನಲ್ಲಿ ಹಲಸಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೊಂದಿದೆ. 2018 ಮತ್ತು 2019ರ ಮಳೆಗಾಲವನ್ನು ಮೂಡಿಗೆರೆ ಕಡೆಯವರು ಯಾರೂ ಮರೆತಿಲ್ಲ. ಸುತ್ತಲಿನ ಬಳ್ಳಿಗಳೆಲ್ಲ ಸೊರಗು ರೋಗಕ್ಕೆ ಎಲೆ ಉದುರಿಸಿ, ಬುಡ ಕೊಳೆತು, ಮರದಿಂದ ಹಳೇ ಹಗ್ಗದಂತೆ ಜೋತುಬಿದ್ದವು. ಇದೊಂದು ಮಾತ್ರ ಹಸಿರಾಗಿ ನಿಂತಿತು. ಅಪ್ಪ ಅದನ್ನು ‘ತಾಯಿಬಳ್ಳಿ’ ಎಂದು ಕರೆಯತೊಡಗಿದ್ದು ಆಗಲೇ.

ಎರಡು ವರ್ಷದ ಹಿಂದೆ ಪಕ್ಕದ ಊರಿನ ಹೋಮ್‌ಸ್ಟೇಯಲ್ಲಿ ಇಳಿದುಕೊಂಡಿದ್ದ ಮೂವರು ತೋಟ ನೋಡಲು ಬಂದರು. ಇಬ್ಬರು ಹೊರದೇಶದವರು, ಇನ್ನೊಬ್ಬ ಅವರ ಜೊತೆಗಿದ್ದ ನಮ್ಮ ದೇಶದವನೇ. ಕಾಫಿ ಕೊಟ್ಟೆವು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆವು, ತಾಯಿಬಳ್ಳಿಯ ಕಥೆಯನ್ನೂ ಹೆಮ್ಮೆಯಿಂದ ಹೇಳಿದೆವು. ಮಾರನೇ ಬೆಳಿಗ್ಗೆ ಮೇಸ್ತ್ರಿ ಬಂದು, “ಅಣ್ಣಾ, ಬುಡದ ಹಬ್ಬುಬಳ್ಳಿ ಮೂರು ಕಡೆ ಕೊಯ್ದವ್ರೆ” ಎಂದ. ಹೋಗಿ ನೋಡಿದೆ. ಕೈಯಲ್ಲಿ ಕಿತ್ತದ್ದಲ್ಲ. ಗೆಣ್ಣಿನ ಕೆಳಗೆ ಓರೆಯಾಗಿ, ಹರಿತವಾದ ಚಾಕುವಿನಿಂದ, ನಾಟಿಗೆಂದೇ ತೆಗೆದ ಕೊಯ್ತ.

ನೆಂಟರಲ್ಲೇ ಒಬ್ಬರು ವಕೀಲರಿದ್ದಾರೆ. ಅವರ ಹತ್ತಿರ ಹೇಳಿಕೊಂಡಾಗ ಅವರು ಕೇಳಿದ್ದು ಎರಡೇ ಮಾತು: “ಬಂದವರು ಯಾರು? ಈ ಬಳ್ಳಿ ಬೇರೆ ಬಳ್ಳಿಗಳಂತಲ್ಲ ಅನ್ನೋದಕ್ಕೆ ಏನಿದೆ?” ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬಂದವರ ಹೆಸರು ಬರೆದುಕೊಂಡಿರಲಿಲ್ಲ. ಬಳ್ಳಿಯ ಒಂದು ಫೋಟೊ ಇರಲಿಲ್ಲ, ಇಳುವರಿಯ ಲೆಕ್ಕ ಇರಲಿಲ್ಲ. ಆರು ವರ್ಷದ ಕಥೆ ಬರೀ ಬಾಯಿಮಾತಿನಲ್ಲಿತ್ತು.

ಅಂದಿನಿಂದ ನಾನು ಓದಿ, ಕೇಳಿ, ಅಲೆದು ಕಲಿತದ್ದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಇಡುತ್ತಿದ್ದೇನೆ. ನೆಲ, ತಳಿ, ಸಂಶೋಧನೆ ಮೂರನ್ನೂ ಕಾಯುವ ಕಾನೂನುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅವು ನಿಲ್ಲುವುದು ರೈತನ ಕೈಯಲ್ಲಿರುವ ಬರಹದ ಮೇಲೆ. ಬರೆದಿಡದ ವಸ್ತುವಿನ ಪರವಾಗಿ ಯಾವ ಕಾನೂನೂ ವಾದ ಮಾಡಲಾರದು.

ಯಾರ ವಿರುದ್ಧ ಈ ಕಾವಲು?

ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ. ಹೊರದೇಶದವರೆಲ್ಲ ಶತ್ರುಗಳಲ್ಲ. ಭಾರತದ ಕಾಫಿಯ ಹೆಚ್ಚಿನ ಪಾಲು ಹೋಗುವುದೇ ಹೊರಗೆ. ಇಟಲಿ ನಮ್ಮ ಬಹುದೊಡ್ಡ ಗಿರಾಕಿ. ಅಂಗಳಕ್ಕೆ ಬಂದ ಅತಿಥಿಯನ್ನು ಅನುಮಾನದಿಂದ ನೋಡುವುದು ಮಲೆನಾಡಿನ ಮನೆಗಳಿಗೆ ಒಗ್ಗದ ಗುಣ. ಆದರೆ ಕೇಳದೆ ಒಯ್ಯುವವರು, ಬೇರೆಯವರ ಹೆಸರಿನ ಹಿಂದೆ ನಿಂತು ಕೊಳ್ಳುವವರು, ತಮ್ಮ ದೇಶದ ಅಥವಾ ಕಂಪನಿಯ ಲಾಭಕ್ಕಾಗಿ ನಮ್ಮ ಬೀಜ ಬಗೆಯುವವರು ಇದ್ದಾರೆ.

ಅಮೆರಿಕದ ಅಯೋವಾದಲ್ಲಿ 2011ರಲ್ಲಿ ಬೀಜ ಕಂಪನಿಯ ಮೆಕ್ಕೆಜೋಳದ ಪ್ರಯೋಗದ ಹೊಲದಲ್ಲಿ ಮಣ್ಣು ಬಗೆಯುತ್ತಿದ್ದ ಚೀನಾ ಮೂಲದ ಒಬ್ಬ ವ್ಯಕ್ತಿ ಹೊಲದ ಉಸ್ತುವಾರಿಯ ಕಣ್ಣಿಗೆ ಬಿದ್ದ. ಅವನು ಹುಡುಕುತ್ತಿದ್ದದ್ದು ಹೈಬ್ರಿಡ್ ತಳಿಯ ತಂದೆ–ತಾಯಿ ಸಾಲಿನ ಬೀಜ. ಅವನ ಕೂಟದವರು ಕದ್ದ ಬೀಜವನ್ನು ಪಾಪ್‌ಕಾರ್ನ್ ಡಬ್ಬಿಗಳಲ್ಲಿ ತುಂಬಿ ವಿಮಾನ ಹತ್ತಿಸಲು ನೋಡಿದ್ದರು. 2016ರಲ್ಲಿ ಅವನಿಗೆ ಮೂರು ವರ್ಷ ಜೈಲಾಯಿತು. ಆ ಪ್ರಕರಣ ಶುರುವಾಗಿದ್ದು ಹೊಲದಲ್ಲಿ ಕಣ್ಣಿಟ್ಟಿದ್ದ ಒಬ್ಬ ನೌಕರನಿಂದ ಎನ್ನುವುದನ್ನು ಗಮನಿಸಿ.

ಕಾಫಿ ಬೆಳೆಯುವ ನಮಗೆ ಈ ಮಾತು ಹೊಸದಾಗಬಾರದು. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ನಮ್ಮ ಐತಿಹ್ಯ ಹೇಳುತ್ತದೆ. ಮೊಳೆಯುವ ಬೀಜ ಹೊರಹೋಗದಂತೆ ಅರಬರು ಕಾಯುತ್ತಿದ್ದ ಕಾಲವದು. ಒಂದು ನಾಡಿನ ಏಕಸ್ವಾಮ್ಯ ಮುರಿಯಲು ಮುಷ್ಟಿ ತುಂಬುವಷ್ಟು ಬೀಜವೂ ಬೇಕಾಗಲಿಲ್ಲ.

1. ಪಹಣಿಯಿಂದ ಶುರುಮಾಡಿ

ನೆಲ ಕೈತಪ್ಪುವುದು ದಾಖಲೆ ಸಡಿಲವಾಗಿರುವ ಕಡೆ. ಸರ್ಕಾರದ ‘ಭೂಮಿ’ ತಂತ್ರಾಂಶದಿಂದ ನಿಮ್ಮ ಎಲ್ಲ ಸರ್ವೆ ನಂಬರುಗಳ ಪಹಣಿ, ಅಂದರೆ ಜಮೀನಿನ ಹಕ್ಕು–ಸಾಗುವಳಿಯ ದಾಖಲೆ, ತೆಗೆಸಿ. 9ನೇ ಕಲಂನಲ್ಲಿ ಕಬ್ಜೆದಾರರ ಹೆಸರು ಯಾರದ್ದಿದೆ? ಎಷ್ಟೋ ಮನೆಗಳಲ್ಲಿ ಈಗಲೂ ತೀರಿಕೊಂಡ ಅಜ್ಜನ ಹೆಸರೇ ಇರುತ್ತದೆ. ಕೂಡಲೇ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಲು, ಅರ್ಜಿ ಕೊಡಿ. ಸತ್ತವರ ಹೆಸರಿನ ಜಮೀನಿನಷ್ಟು ಸುಲಭವಾಗಿ ಸುಳ್ಳು ಪತ್ರ ಹುಟ್ಟುವ ಜಾಗ ಇನ್ನೊಂದಿಲ್ಲ. 10ನೇ ಕಲಂನಲ್ಲಿ ಆ ಹೆಸರು ಯಾವ ಮ್ಯುಟೇಷನ್‌ನಿಂದ (ಖಾತೆ ಬದಲಾವಣೆಯಿಂದ) ಬಂತು ಎಂದಿರುತ್ತದೆ. 11ರಲ್ಲಿ ಋಣ. ಸಾಲ ತೀರಿಸಿದ ಮೇಲೂ ಬ್ಯಾಂಕಿನ ಹೆಸರು ಅಲ್ಲಿ ಉಳಿದಿದ್ದರೆ ತೆಗೆಸಿ. 12ರಲ್ಲಿ ಸಾಗುವಳಿ ಮಾಡುವವರ ವಿವರ. ನಿಮಗೆ ಗೊತ್ತಿಲ್ಲದ ಹೆಸರು ಅಲ್ಲಿದ್ದರೆ ಅವತ್ತೇ ತಕರಾರು ಹಾಕಿ.

ಜೊತೆಗೆ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಅಂದರೆ ನಾವೆಲ್ಲ ‘ಇಸಿ’ ಎನ್ನುವುದನ್ನು, ವರ್ಷಕ್ಕೊಮ್ಮೆ ತೆಗೆಸಿ. ನಾನು ಪ್ರತಿ ಯುಗಾದಿಯ ವಾರದಲ್ಲಿ ತೆಗೆಸುತ್ತೇನೆ, ಮರೆಯಬಾರದೆಂದು. ಪೋಡಿ ಆಗದ, ಅಂದರೆ ಸರ್ವೆ ನಂಬರಿನೊಳಗೆ ನಿಮ್ಮ ಪಾಲು ಬೇರ್ಪಡದ ಜಮೀನಿದ್ದರೆ ಪೋಡಿ ಮಾಡಿಸಿ, ಗಡಿ ಅಳತೆಯ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸಿ. ಪಹಣಿಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ.

2. ನಿಮ್ಮ ಹೆಸರನ್ನು ಯಾರಿಗೂ ಸಾಲ ಕೊಡಬೇಡಿ

ಭಾರತದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಮತ್ತು ಅದರಡಿ 2019ರಲ್ಲಿ ಬಂದ ನಿಯಮಗಳ ಪ್ರಕಾರ ಹೊರದೇಶದ ಪ್ರಜೆ ಇಲ್ಲಿ ಕೃಷಿ ಜಮೀನನ್ನಾಗಲಿ, ಕಾಫಿ–ಟೀ ಪ್ಲಾಂಟೇಶನ್ನನ್ನಾಗಲಿ, ಫಾರ್ಮ್‌ಹೌಸನ್ನಾಗಲಿ ತಾನಾಗಿ ಕೊಳ್ಳುವಂತಿಲ್ಲ. ಚೀನಾ, ಪಾಕಿಸ್ತಾನ ಮೊದಲಾದ ಕೆಲವು ದೇಶಗಳ ಪ್ರಜೆಗಳಿಗೆ ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿಯಿಲ್ಲದೆ ಯಾವ ಸ್ಥಿರಾಸ್ತಿಯೂ ಇಲ್ಲ. ಹಾಗಾಗಿ ಕೊಳ್ಳಬೇಕೆನ್ನುವವನು ಬರುವುದು ಬೇರೊಬ್ಬರ ಹೆಸರಿನಲ್ಲಿ.

ಆ ಬೇರೊಬ್ಬರು ನೀವಾಗಬಾರದು. “ನಿಮ್ಮ ಹೆಸರಲ್ಲಿ ರಿಜಿಸ್ಟರ್ ಮಾಡ್ಸೋಣ, ದುಡ್ಡು ನಮ್ದು, ನಿಮಗೆ ವರ್ಷಕ್ಕೆ ಇಷ್ಟು” ಎಂಬ ಮಾತು ಬಂದರೆ ಅದು ಬೇನಾಮಿ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯಂತೆ ಆಸ್ತಿ ಮುಟ್ಟುಗೋಲಾಗುತ್ತದೆ, ಒಂದರಿಂದ ಏಳು ವರ್ಷದ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ. ಹೆಸರು ಕೊಟ್ಟವರಿಗೂ ಶಿಕ್ಷೆ ಉಂಟು.

ಇನ್ನೊಂದು ಸಂಗತಿ ಎಲ್ಲ ಮಾರಾಟಗಾರರೂ ತಿಳಿದಿರಬೇಕು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ, ಕೊಳ್ಳುವವನು ರೈತನೇ, ಅವನ ಆದಾಯವೆಷ್ಟು ಎಂದು ಕೇಳುವ ಜರಡಿ ಹೋಯಿತು. ಆ ಜರಡಿಯಿಂದ ಆಗುತ್ತಿದ್ದ ತೊಂದರೆಗಳೂ ನನಗೆ ಗೊತ್ತು. ಆದರೆ ಈಗ ಗಿರಾಕಿ ಯಾರೆಂದು ನೋಡುವ ಹೊರೆ ಮಾರುವವನ ಮೇಲೇ ಬಿದ್ದಿದೆ. ಆದ್ದರಿಂದ:

ಕೊಳ್ಳುವುದು ಕಂಪನಿಯಾದರೆ ಅದರ ನಿರ್ದೇಶಕರು ಯಾರೆಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಿ. ಷೇರುದಾರರ ಪಟ್ಟಿಯನ್ನು ನಿಮ್ಮ ಆಡಿಟರ್ ಕೈಯಲ್ಲಿ ತೆಗೆಸಿ. ಕಾಫಿ ಪ್ಲಾಂಟೇಶನ್‌ಗೆ ವಿದೇಶಿ ನೇರ ಹೂಡಿಕೆಗೆ ಅವಕಾಶವಿದೆ, ಅದು ಕಾನೂನುಬದ್ಧ ಬಾಗಿಲು. ಆದರೆ ನಮ್ಮ ಗಡಿಗೆ ಅಂಟಿಕೊಂಡ ದೇಶಗಳಿಂದ ಬರುವ ಹೂಡಿಕೆಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮ 2020ರ ಏಪ್ರಿಲ್‌ನಲ್ಲಿ ಬಂತು. ಹಣ ಬ್ಯಾಂಕಿನ ಮೂಲಕವೇ ಬರಲಿ. ಜಮೀನಿನ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಹಣ ಪೂರ್ತಿ ಬರುವ ಮೊದಲು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಡಬೇಡಿ. ಮೂವತ್ತು ವರ್ಷದ ಗುತ್ತಿಗೆ, ಜೊತೆಗೊಂದು ಜಿಪಿಎ, ಜೊತೆಗೆ ಪೂರ್ತಿ ಬೆಲೆಯಷ್ಟು ಮುಂಗಡ ಎಂದರೆ ಅದು ಗುತ್ತಿಗೆಯ ವೇಷದ ಮಾರಾಟ.

ಮಕ್ಕಳು ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ಮನೆಗಳಿಗೆ ಒಂದು ಕಿವಿಮಾತು. ಅಲ್ಲಿಯೇ ನೆಲೆಸಿದ ಅಥವಾ ಆ ದೇಶದ ಪ್ರಜೆಗಳಾಗಿ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡು ಪಡೆದ ಮಕ್ಕಳಿಗೆ ತೋಟವನ್ನು ದಾನಪತ್ರ ಮಾಡಿಕೊಡಲು ಬರುವುದಿಲ್ಲ. ವಾರಸುದಾರಿಕೆಯಿಂದ ಬರಬಹುದು, ಆಮೇಲೆ ಮಾರುವುದಾದರೆ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ಉಯಿಲು ಬರೆದಿಡಿ. ಅಪ್ಪ–ಅಮ್ಮ ಹೋದಮೇಲೆ ಅವಸರದಲ್ಲಿ ಯಾವುದೋ ದಲ್ಲಾಳಿಯ ಕೈಗೆ ತೋಟ ಬೀಳುವುದನ್ನು ಸಕಲೇಶಪುರದಿಂದ ಕೊಪ್ಪದವರೆಗೆ ನೋಡುತ್ತಲೇ ಇದ್ದೇವೆ.

3. ತಳಿಗೆ ಒಂದು ನೋಟ್‌ಬುಕ್

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ, ನಾನು ತಪ್ಪಿದ್ದೂ ಇಲ್ಲೇ.

ನಿಮ್ಮ ತೋಟದಲ್ಲಿ, ಗದ್ದೆಯಲ್ಲಿ ಬೇರೆಯವರಲ್ಲಿಲ್ಲದ ಗುಣವಿರುವ ಗಿಡ ಯಾವುದು? ಹೊಳೆನರಸೀಪುರ ಕಡೆಯ ರಾಜಮುಡಿ ಭತ್ತದ ಹಳೆಯ ಬೀಜ ಉಳಿಸಿಕೊಂಡ ಮನೆಯಿರಬಹುದು, ಬರಗಾಲದಲ್ಲೂ ಕಚ್ಚುವ ಹಲಸಿರಬಹುದು, ಕಟ್ಟೆರೋಗ ತಾಗದ ಏಲಕ್ಕಿ ಹಿಂಡಿರಬಹುದು. ಅದಕ್ಕೊಂದು ಸಂಖ್ಯೆ ಕೊಡಿ. ಮರಕ್ಕೆ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪುಟ: ಎಲ್ಲಿಂದ ಬಂತು, ಯಾರು ನೆಟ್ಟರು, ಚಿಗುರಿನ ಬಣ್ಣ, ಎಲೆಯ ಆಕಾರ, ಗೊನೆಯ ಉದ್ದ, ಹೂ ಬಿಟ್ಟ ತಾರೀಖು, ಇಳುವರಿ, ಯಾವ ರೋಗ ಬಂತು, ಯಾವುದು ಬರಲಿಲ್ಲ. ಫೋಟೊ ತೆಗೆಯುವಾಗ ಗೊನೆಯ ಪಕ್ಕ ಅಳತೆಪಟ್ಟಿ ಇಡಿ. ನಾನೀಗ ತಾಯಿಬಳ್ಳಿಯಿಂದ ಪ್ರತಿ ಕೊಯ್ಲಿನಲ್ಲಿ ಹತ್ತು ಗೊನೆ ತೆಗೆದು, ಒಂದೊಂದರ ಕಾಳು ಎಣಿಸಿ, ಒಣಗಿಸಿ ತೂಗಿ ಬರೆಯುತ್ತೇನೆ. ಒಂದು ಸಂಜೆಯ ಕೆಲಸ.

ಬರಹದ ಶಕ್ತಿ ಎಷ್ಟೆಂಬುದಕ್ಕೆ ಅರಿಶಿನದ ಕಥೆ ಸಾಕು. ಗಾಯ ವಾಸಿ ಮಾಡಲು ಅರಿಶಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ವೈಜ್ಞಾನಿಕ ಸಂಶೋಧನೆ ನಡೆಸುವ ನಮ್ಮ ಸಿಎಸ್‌ಐಆರ್ ಸಂಸ್ಥೆ ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಪ್ರತಿ ಅಡುಗೆಮನೆಯಲ್ಲಿ ಅಜ್ಜಿಯರಿಗೆ ಗೊತ್ತಿದ್ದ ವಿಷಯ ಅದು. ಆದರೂ ಗೆದ್ದದ್ದು ಹಳೆಯ ಸಂಸ್ಕೃತ ಗ್ರಂಥದ ಸಾಲುಗಳು ಮತ್ತು 1953ರ ವೈದ್ಯಕೀಯ ಪತ್ರಿಕೆಯ ಒಂದು ಲೇಖನದಿಂದ.

ನೋಟ್‌ಬುಕ್ಕಿನ ಮುಂದಿನ ಮೆಟ್ಟಿಲು ನೋಂದಣಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತನೂ ತನ್ನ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು, ಅದಕ್ಕೆ ರೈತರಿಂದ ಶುಲ್ಕ ಪಡೆಯುವುದಿಲ್ಲ. ಪ್ರಾಧಿಕಾರದ ಕಚೇರಿ ದೆಹಲಿಯಲ್ಲಿದೆ ಎಂದು ಹೆದರಬೇಡಿ. ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ನಮ್ಮ ಕಡೆಯವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಅರ್ಜಿ ತುಂಬಿಸಲು ಸಹಾಯ ಕೇಳಬಹುದು. ಮರ ಮತ್ತು ಬಳ್ಳಿ ಬೆಳೆಗಳಿಗೆ 18 ವರ್ಷ, ಉಳಿದವಕ್ಕೆ 15 ವರ್ಷದ ರಕ್ಷಣೆ. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸು ನೆನಪಿದೆಯಲ್ಲ? ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮರದ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು, ಸಸಿ ಮಾರಾಟದ ಆದಾಯದಲ್ಲಿ ಶೇ 75ನ್ನು ರೈತನಿಗೇ ಕೊಡುವ ಏರ್ಪಾಡು ಮಾಡಿತು. ಒಂದು ಮರದ ಗುಣ ದಾಖಲೆಗೆ ಬಂದದ್ದರಿಂದ ಆದದ್ದು ಅದು.

ಇದೇ ಕಾಯ್ದೆ ಇನ್ನೊಂದು ಹಕ್ಕನ್ನೂ ಕೊಡುತ್ತದೆ: ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ರೈತನದು, ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ ಅಷ್ಟೆ. ಕಂಪನಿಯವರು ನೋಟಿಸ್ ಕಳಿಸಿದರೆ ಗಾಬರಿಯಾಗಿ ಸಹಿ ಹಾಕುವ ಮೊದಲು ಇದನ್ನು ನೆನಪಿಡಿ.

4. ಹೊರಗೆ ಹೋಗುವ ಬೀಜ, ಎಲೆ, ಮಣ್ಣು

ಮೂಟೆಗಟ್ಟಲೆ ಕಾಫಿ, ಮೆಣಸು ರಫ್ತುದಾರರಿಗೆ ಮಾರಲು ಯಾವ ಜೈವಿಕ ಅನುಮತಿಯೂ ಬೇಡ, ಅದು ಸರಕು. ಆದರೆ ಸಂಶೋಧನೆಗೆಂದು ಹೊರದೇಶದ ವ್ಯಕ್ತಿ ಅಥವಾ ಸಂಸ್ಥೆ ಒಂದು ಚೀಲ ಎಲೆ, ಹತ್ತು ತುಂಡು ಬಳ್ಳಿ, ಒಂದು ಶೀಶೆ ಮಣ್ಣಿನ ಸೂಕ್ಷ್ಮಾಣು ಒಯ್ಯಬೇಕಾದರೂ 2002ರ ಜೀವವೈವಿಧ್ಯ ಕಾಯ್ದೆಯ 3ನೇ ಕಲಂ ಪ್ರಕಾರ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. 2023ರ ತಿದ್ದುಪಡಿಯ ನಂತರ ತಪ್ಪಿಗೆ ಜೈಲಿನ ಬದಲು ಒಂದು ಲಕ್ಷದಿಂದ ಐವತ್ತು ಲಕ್ಷದವರೆಗೆ ದಂಡವಿದೆ. ಜೈಲು ತೆಗೆದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ದೊಡ್ಡ ಕಂಪನಿಗೆ ಐವತ್ತು ಲಕ್ಷ ದೊಡ್ಡ ಮೊತ್ತವಲ್ಲ.

ನಮ್ಮ ರಾಜ್ಯದ್ದೇ ಪ್ರಕರಣವಿದೆ. ಬಿಟಿ ಬದನೆಗಾಗಿ, ಅಂದರೆ ಕುಲಾಂತರಿ ಬದನೆಗಾಗಿ, ಉಡುಪಿಯ ಮಟ್ಟುಗುಳ್ಳ ಸೇರಿದಂತೆ ಇಲ್ಲಿನ ಸ್ಥಳೀಯ ಬದನೆ ತಳಿಗಳನ್ನು ಅನುಮತಿ ಪಡೆಯದೆ ಬಳಸಿದರೆಂಬ ದೂರಿನ ಮೇಲೆ 2011ರಲ್ಲಿ ಇದೇ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು.

ನೀವು ಮಾಡಬೇಕಾದದ್ದು ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಇದೆ. ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಕೆಲವು ಕಡೆ ಅದು ಬೀರುವಿನೊಳಗೆ ಕುಳಿತಿರುತ್ತದೆ. ನಿಮ್ಮ ತಳಿ ಅದರಲ್ಲಿಲ್ಲದಿದ್ದರೆ ಸೇರಿಸಲು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾರಾದರೂ “ಸ್ಯಾಂಪಲ್” ಕೇಳಿದರೆ ನಗುನಗುತ್ತಲೇ ಕೇಳಿ: “ಜೀವವೈವಿಧ್ಯ ಪ್ರಾಧಿಕಾರದ ಪತ್ರ ತಂದಿದ್ದೀರಾ?” ನಿಜವಾದ ಸಂಶೋಧಕರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಅವರ ಚೀಲದಲ್ಲೇ ಪತ್ರ ಇರುತ್ತದೆ.

5. ಒಳಗೆ ಬರುವ ಬೀಜ ಇನ್ನೂ ಅಪಾಯ

ಕದ್ದೊಯ್ದರೆ ಒಂದು ತಳಿ ಹೋದೀತು. ರೋಗವೊಂದು ಒಳಬಂದರೆ ಇಡೀ ಸೀಮೆಯ ತೋಟ ಹೋಗುತ್ತದೆ. ಅದನ್ನು ತರುವವನು ಶತ್ರುದೇಶದ ಗೂಢಚಾರನೇ ಆಗಬೇಕಿಲ್ಲ. ಪ್ರವಾಸದಿಂದ ಮರಳುವ ನಮ್ಮ ಸ್ನೇಹಿತನ ಜೇಬೇ ಸಾಕು.

1869ರಲ್ಲಿ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಕಾಣಿಸಿಕೊಂಡ ಎಲೆತುಕ್ಕು ರೋಗ ಆ ದ್ವೀಪದ ಕಾಫಿಯನ್ನೇ ಮುಗಿಸಿತು, ಅವರು ಟೀಗೆ ತಿರುಗಿದರು. ಕಾಫಿ ಹಣ್ಣು ಕೊರೆಯುವ ಕೀಟ ಬೆರ್ರಿ ಬೋರರ್ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನಲ್ಲಿ. ಇಂದು ನಾವು ಕಣದ ಸುತ್ತ ಬಲೆ ಕಟ್ಟಿ, ಉದುರು ಹಣ್ಣು ಹೆಕ್ಕಿಸಿ ಖರ್ಚು ಮಾಡುತ್ತಿರುವುದು ಆ ಒಂದು ಪ್ರವೇಶಕ್ಕೆ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. 2016ರಲ್ಲಿ ಬಾಂಗ್ಲಾದೇಶದ ಗೋಧಿಗೆ ಬ್ಲಾಸ್ಟ್ ರೋಗ ಬಂದು, ಗಡಿಗೆ ಹೊಂದಿದ ಬಂಗಾಳದ ಜಿಲ್ಲೆಗಳಲ್ಲಿ ಗೋಧಿ ಬಿತ್ತುವುದನ್ನೇ ನಿಲ್ಲಿಸಬೇಕಾಯಿತು.

ಇನ್ನೂ ನಮ್ಮಲ್ಲಿಗೆ ಬಾರದ ರೋಗಗಳಿವೆ. ಆಫ್ರಿಕಾದಲ್ಲಿ ಅರೇಬಿಕಾ ಹಸಿಕಾಯನ್ನೇ ಕಪ್ಪಾಗಿಸಿ ಕೊಳೆಸುವ ಕಾಫಿ ಬೆರ್ರಿ ರೋಗ ಅಲ್ಲಿಂದ ಆಚೆಗೆ ದಾಟಿಲ್ಲ. ಈಗ ಸ್ಪೆಷಾಲಿಟಿ ಕಾಫಿಯ ಹುಮ್ಮಸ್ಸಿನಲ್ಲಿ ಇಥಿಯೋಪಿಯಾ, ಪನಾಮಾ ಕಡೆಯ ಗೀಶಾ ಎಂಬ ಕಾಫಿ ತಳಿಯ ಬೀಜವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಆಸೆ ಯುವ ಬೆಳೆಗಾರರಿಗೆ ಇದೆ. ದಯವಿಟ್ಟು ಬೇಡ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿನ ತಪಾಸಣೆ ಮೂರೂ ಬೇಕು. ಹೊಸ ತಳಿ ಬೇಕೆಂದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಬರೆಯಿರಿ.

2020ರಲ್ಲಿ ಹಲವು ದೇಶಗಳ ಮನೆಗಳಿಗೆ, ಯಾರೂ ತರಿಸದಿದ್ದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದವು. ನಮ್ಮ ಕೃಷಿ ಸಚಿವಾಲಯವೂ ಆ ಆಗಸ್ಟ್‌ನಲ್ಲಿ ರಾಜ್ಯಗಳನ್ನು ಎಚ್ಚರಿಸಿತ್ತು. ಅಂಥದ್ದು ನಿಮ್ಮ ಮನೆಗೆ ಬಂದರೆ ಬಿಚ್ಚಬೇಡಿ, ಬಿತ್ತಬೇಡಿ, ತಿಪ್ಪೆಗೂ ಎಸೆಯಬೇಡಿ. ತಿಪ್ಪೆಯಲ್ಲೇ ಅದು ಮೊಳೆಯುತ್ತದೆ. ಹೊರಗಿನ ಕವರಿನ ಸಮೇತ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ರೈತ ಸಂಪರ್ಕ ಕೇಂದ್ರಕ್ಕೆ ತಲುಪಿಸಿ. ಕಳಿಸಿದವರ ವಿಳಾಸವಿರುವ ಕವರೇ ಮುಖ್ಯ ಸಾಕ್ಷಿ.

ಹೊರದೇಶದ ತೋಟ ಸುತ್ತಿ ಬಂದವರು ನಿಮ್ಮ ತೋಟಕ್ಕೆ ಬರುವಾಗ ಬೇರೆ ಬೂಟು ಹಾಕಿಸಿ. ಗೇಟಿನ ಬಳಿ ಒಂದು ಜೊತೆ ಗಮ್‌ಬೂಟು ಇಟ್ಟರೆ ಸಾಕು. ಗಿಡದಲ್ಲಿ ಹಿಂದೆಂದೂ ಕಾಣದ ಹುಳು, ಚುಕ್ಕೆ ಕಂಡರೆ ವಾಟ್ಸಾಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ. ಫೋಟೊ, ಜಾಗ, ತಾರೀಖು ಸಮೇತ ಸಂಶೋಧನಾ ಕೇಂದ್ರಕ್ಕೆ ಕಳಿಸಿ.

6. ತೋಟದ ನಕ್ಷೆ ಮತ್ತು ಫೋನು

ಯುರೋಪಿನ ಅರಣ್ಯನಾಶ ತಡೆ ನಿಯಮ 2023ರಲ್ಲಿ ಬಂದಾಗಿನಿಂದ ನಮ್ಮ ತೋಟಗಳ ಗಡಿರೇಖೆಗಳು ಊರೂರು ಸುತ್ತುತ್ತಿವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲವೆಂದು ತೋರಿಸಬೇಕು. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ ಮೀರಿದ ತೋಟಕ್ಕೆ ಸುತ್ತಲಿನ ಗಡಿಯ ಪೂರ್ತಿ ನಕ್ಷೆ ಬೇಕು. ಗಡುವು ಮುಂದೆ ಹೋಗುತ್ತ ಬಂದರೂ ಮಾಹಿತಿ ಸಂಗ್ರಹ ನಿಂತಿಲ್ಲ.

ನಿಯಮ ಪಾಲಿಸೋಣ, ನಮ್ಮ ಮಾರುಕಟ್ಟೆ ಅದು. ಆದರೆ ಕಂಡಕಂಡ ಆ್ಯಪ್‌ಗೆ ತೋಟದ ಮೂಲೆ ಮೂಲೆ ಕೊಡುವುದು ಬೇಡ. ಕಾಫಿ ಮಂಡಳಿಯ ಮೂಲಕ ನೋಂದಾಯಿಸಿ. ಬೇರೆ ಯಾರಾದರೂ ಕೇಳಿದರೆ ಈ ಮಾಹಿತಿ ಯಾರ ಹತ್ತಿರ ಇರುತ್ತದೆ, ಯಾವ ದೇಶದಲ್ಲಿ, ವ್ಯಾಪಾರ ಮುಗಿದ ಮೇಲೆ ಅಳಿಸುತ್ತೀರಾ ಎಂದು ಬರಹದಲ್ಲಿ ಕೇಳಿ. ನೀರಿನ ಮೂಲ, ಕೊಳವೆಬಾವಿಯ ಆಳ, ಮಣ್ಣಿನ ಪರೀಕ್ಷೆ, ಹತ್ತು ವರ್ಷದ ಇಳುವರಿ ಇವು ಯುರೋಪಿನ ನಿಯಮಕ್ಕೆ ಬೇಡ. ಕೇಳಿದರೆ ಯಾಕೆಂದು ಕೇಳಿ.

ತೋಟದ ಮೇಲೆ ಡ್ರೋನ್ ಹಾರಿಸುವವರ ಹತ್ತಿರ ಅದರ ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಸರ್ಕಾರ ರೈತರಿಗೆ ಕೊಡುವ ಫ್ರೂಟ್ಸ್ ಐಡಿ, ಒಟಿಪಿ ಯಾರಿಗೂ ಹೇಳಬೇಡಿ. ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಿಡಿ. ಮೋಸ ಹೋದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

7. ಸಂಶೋಧನೆಯ ತಾಕು

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಎಸ್.795, ಕಾವೇರಿ, ಚಂದ್ರಗಿರಿ ಎಂಬ ಕಾಫಿ ತಳಿಗಳೆಲ್ಲ ನಮ್ಮ ತೋಟಗಳಿಗೆ ಬಂದದ್ದು ಆ ನೂರು ವರ್ಷದ ಬೆವರಿನಿಂದ. ಮೂಡಿಗೆರೆಯ ವಲಯ ಸಂಶೋಧನಾ ಕೇಂದ್ರ, ಸಕಲೇಶಪುರ ದೋಣಿಗಾಲ್‌ನ ಏಲಕ್ಕಿ ಕೇಂದ್ರ, ಹಾಸನ ಕಾರೇಕೆರೆಯ ಕೃಷಿ ಕಾಲೇಜು ಎಲ್ಲ ಕಡೆಯೂ ವರ್ಷಗಟ್ಟಲೆ ಬೆಳೆದು ನಿಂತ ಪ್ರಯೋಗಗಳಿವೆ. ಕಾಫಿಯ ಒಂದು ತಳಿ ಬಿಡುಗಡೆಯಾಗಲು ದಶಕಗಳೇ ಹಿಡಿಯುತ್ತವೆ. ಅದನ್ನು ಒಯ್ಯಲು ಅರ್ಧ ಗಂಟೆ ಸಾಕು.

ಬಿಡುಗಡೆಯಾದ ತಳಿಯಲ್ಲಿ ಗುಟ್ಟೇನೂ ಇಲ್ಲ, ಅದು ಎಲ್ಲರದು, ವಿಜ್ಞಾನ ಬೆಳೆಯುವುದೇ ಹಂಚಿಕೊಂಡು. ಕಾಯಬೇಕಾದದ್ದು ಇನ್ನೂ ಪರೀಕ್ಷೆಯಲ್ಲಿರುವುದನ್ನು. ನಿಮ್ಮ ತೋಟದಲ್ಲಿ ಸಂಸ್ಥೆಯೊಂದರ ಪ್ರಯೋಗದ ತಾಕು, ಅಂದರೆ ಪರೀಕ್ಷೆಗೆಂದು ಬೆಳೆಸುವ ತುಂಡು ಜಾಗ, ಇದ್ದರೆ ಒಪ್ಪಂದದ ಪ್ರತಿ ಕೇಳಿ ಇಟ್ಟುಕೊಳ್ಳಿ. ಫಲಕದಲ್ಲಿ ತಳಿಯ ತಂದೆ–ತಾಯಿಯ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಅದರ ಕೀಲಿಪಟ್ಟಿ ವಿಜ್ಞಾನಿಯ ಬಳಿ ಇರಲಿ. ಆ ತಾಕಿನ ಬೀಜ ನೆಂಟರಿಗೂ ಹೋಗಬಾರದು. ರಸ್ತೆ ಬದಿಯಲ್ಲಿ, ಹೋಮ್‌ಸ್ಟೇ ಪಕ್ಕದಲ್ಲಿ ತಾಕು ಮಾಡಲು ಒಪ್ಪಬೇಡಿ.

ಈ ಕಾಲೇಜುಗಳಲ್ಲಿ ಓದುವ ನಮ್ಮ ಹುಡುಗ–ಹುಡುಗಿಯರಿಗೂ ಎರಡು ಮಾತು. ಪರಿಚಯವಿಲ್ಲದ ಹೊರದೇಶದ ಪ್ರಾಧ್ಯಾಪಕರಿಂದ “ನಿಮ್ಮ ಡೇಟಾ ಕಳಿಸಿ, ಪ್ರಬಂಧದಲ್ಲಿ ಹೆಸರು ಹಾಕುತ್ತೇವೆ” ಎಂಬ ಮೇಲ್ ಬಂದರೆ ಮೊದಲು ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ. ನಮ್ಮ ಜೈವಿಕ ಸಂಪತ್ತಿನ ಸಂಶೋಧನೆಯ ಫಲಿತಾಂಶವನ್ನು ಹೊರದೇಶದವರಿಗೆ ಹಸ್ತಾಂತರಿಸಲೂ ಜೀವವೈವಿಧ್ಯ ಕಾಯ್ದೆಯ 4ನೇ ಕಲಂ ಅಡಿ ಅನುಮತಿ ಬೇಕು. ಸರ್ಕಾರ ಒಪ್ಪಿದ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ, ಹಾಗೆ ಹೋಗುವ ದಾರಿಯೇ ಸರಿ. ಗಿಡದ ಸಾಮಗ್ರಿ ಕೊಡುವುದಿದ್ದರೆ ಹಸ್ತಾಂತರ ಒಪ್ಪಂದಕ್ಕೆ ಸಹಿಯಾಗದೆ ಒಂದು ಎಲೆಯೂ ಕದಲಬಾರದು. ಹೊಲದ ಲೆಕ್ಕವನ್ನು ಸ್ವಂತ ಮೇಲ್‌ನಲ್ಲಿ, ಎಲ್ಲರೂ ಬಳಸುವ ಪೆನ್‌ಡ್ರೈವ್‌ನಲ್ಲಿ ಇಡಬೇಡಿ.

8. ಗೇಟಿನ ಪುಸ್ತಕ

ಹೋಮ್‌ಸ್ಟೇ ನಡೆಸುವವರು ಹೊರದೇಶದ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸಬೇಕು; ‘ಸಿ ಫಾರಂ’ ಎಂದೇ ಅದು ಎಲ್ಲರಿಗೂ ಪರಿಚಿತ. ಪಾಸ್‌ಪೋರ್ಟ್, ವೀಸಾ ಪ್ರತಿ ಇಟ್ಟುಕೊಳ್ಳಿ. ಪ್ರವಾಸಿ ವೀಸಾದಲ್ಲಿ ಬಂದವರು ಸಂಶೋಧನೆ ಮಾಡುವಂತಿಲ್ಲ. ಅತಿಥಿಯ ಕೋಣೆಯಲ್ಲಿ ಎಲೆ ಒತ್ತುವ ಕಾಗದ, ಸಣ್ಣ ಶೀಶೆಗಳು, ಲೇಬಲ್ ಹಚ್ಚಿದ ಬೀಜದ ಕವರುಗಳು ಕಂಡರೆ ಜಗಳ ಬೇಡ, ಠಾಣೆಗೆ ಮತ್ತು ಪಂಚಾಯಿತಿಯ ಸಮಿತಿಗೆ ತಿಳಿಸಿ.

ಹೋಮ್‌ಸ್ಟೇ ಇಲ್ಲದಿದ್ದರೂ ತೋಟದ ಗೇಟಿನಲ್ಲಿ ಒಂದು ಪುಸ್ತಕವಿರಲಿ. ಹೆಸರು, ಊರು, ಫೋನು, ಗಾಡಿ ನಂಬರು, ಬಂದ ಕಾರಣ, ಏನು ಒಯ್ದರು, ಸಹಿ. ಸ್ವದೇಶದವರಿಗೂ ಇದೇ ನಿಯಮ ಇರಲಿ, ಆಗ ಯಾರಿಗೂ ಅವಮಾನವಾಗುವುದಿಲ್ಲ.

ಇದೆಲ್ಲ ನಡೆಯುವುದು ತೋಟದ ಜನರಿಂದ. ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಹಣ್ಣು ಕೊಯ್ಯಲು ಅಸ್ಸಾಂ, ಜಾರ್ಖಂಡ್‌ನಿಂದ ಬರುವ ಕುಟುಂಬಗಳು ಇವರನ್ನು ಅನುಮಾನಿಸುವುದು ಕಾವಲಲ್ಲ. ದಿನವಿಡೀ ಗಿಡದ ಬುಡದಲ್ಲಿರುವವರು ಅವರೇ. ಕೂರಿಸಿಕೊಂಡು ಹೇಳಿ: ಯಾವ ಬಳ್ಳಿ ಯಾಕೆ ಮುಖ್ಯ, ಯಾರು ಕೇಳಿದರೆ ಏನು ಹೇಳಬೇಕು. ನಮ್ಮ ಮೇಸ್ತ್ರಿಗೆ ಓದು ನಾಲ್ಕನೇ ಕ್ಲಾಸು. ಗೇಟಿನ ಪುಸ್ತಕ ಈಗ ಅವನ ಸುಪರ್ದಿಯಲ್ಲಿದೆ, ಪೆನ್ನನ್ನು ದಾರದಲ್ಲಿ ಕಟ್ಟಿಟ್ಟಿದ್ದಾನೆ.

ಕಳೆದ ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಸಕಲೇಶಪುರ ಕಡೆಯ ಬೆಳೆಗಾರರೊಬ್ಬರು ತಾಯಿಬಳ್ಳಿಯ ಸುದ್ದಿ ಕೇಳಿ ಬಂದರು. ನಾನು ಮನೆಯಲ್ಲಿರಲಿಲ್ಲ. ಮೇಸ್ತ್ರಿ ಅವರನ್ನು ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಪುಸ್ತಕ ಮುಂದಿಟ್ಟಿದ್ದಾನೆ. ನನಗೆ ಫೋನು ಮಾಡಿ ಕೇಳಿ, ಆಮೇಲೆ ಕೊಯ್ದು ಕೊಟ್ಟಿದ್ದಾನೆ. ಸಂಜೆ ಬಂದು ನೋಡಿದೆ. ಅವರ ಹೆಸರು, ಊರು, ಫೋನು, ಅದರ ಮುಂದೆ ಮೇಸ್ತ್ರಿಯ ದಪ್ಪ ಅಕ್ಷರ: “ಬಳ್ಳಿ ನಂಬರ್ 1, ಹಬ್ಬುಬಳ್ಳಿ 12 ತುಂಡು, ಸ್ವಂತ ನಾಟಿಗೆ.” ಕೆಳಗೆ ಇಬ್ಬರ ಸಹಿ.